ಸತ್ತವರೆದುರು ಅಳುವ ಅರಸ

ರನ್ನನ ಗದಾಯುದ್ಧವನ್ನು ಇಡಿಯಾಗಿ ಓದದವರೂ ಅದರ ಒಂದು ಭಾಗವನ್ನು ಬಲ್ಲರು. ಕುರುಕ್ಷೇತ್ರದ ಯುದ್ಧ ಮುಗಿಯುತ್ತ ಬಂದಿದೆ. ದುರ್ಯೋಧನ ಸಂಜಯನೊಡನೆ ಹೆಣಗಳನ್ನು ದಾಟುತ್ತ, ಶರಶಯ್ಯೆಯಲ್ಲಿ ಮಲಗಿರುವ ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ದಾರಿಯಲ್ಲಿ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಒಬ್ಬೊಬ್ಬರ ಮುಂದೆಯೂ ಅವನು ನಿಂತು ಗೋಳಾಡುತ್ತಾನೆ. ‘ದುರ್ಯೋಧನ ವಿಲಾಪ’ ಎಂಬ ಹೆಸರಿನಲ್ಲಿ ಪ್ರಥಮ ಪಿಯುಸಿಯ ಮಕ್ಕಳೂ ಇದನ್ನು ಓದಿದ್ದಾರೆ. ಇದನ್ನು ಪಾಠ ಮಾಡುವಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಕೆಟ್ಟವನೆನಿಸಿಕೊಂಡವನಲ್ಲೂ ಎಂಥ ಪ್ರೀತಿ, ಎಂಥ ದೊಡ್ಡತನ!

ಆ ಮಾತು ಸುಳ್ಳಲ್ಲ. ಆದರೆ ಅಲ್ಲಿಗೇ ಓದು ನಿಂತರೆ ರನ್ನ ಕಂಡದ್ದರಲ್ಲಿ ಅರ್ಧ ಮಾತ್ರ ನಮಗೆ ದಕ್ಕುತ್ತದೆ. ಈ ಇಡೀ ನಡಿಗೆಯಲ್ಲಿ ದುರ್ಯೋಧನ ಮನಬಿಚ್ಚಿ ಮಾತಾಡುವುದು ಸತ್ತವರೊಂದಿಗೆ. ಇನ್ನೂ ಬದುಕಿದ್ದು, ಅವನಿಂದ ಒಂದೇ ಒಂದನ್ನು ಬೇಡುತ್ತಿರುವವರ ಮುಂದೆ ಅವನ ಎದೆ ಕಲ್ಲು. ತಪ್ಪು ಮಾಡಿದವನೊಬ್ಬ ತನ್ನವರನ್ನು ಹೇಗೆ ಪ್ರೀತಿಸುತ್ತಾನೆ, ಆ ಪ್ರೀತಿ ಯಾಕೆ ಯಾರನ್ನೂ ಉಳಿಸುವುದಿಲ್ಲ ಎಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಕಾವ್ಯಭಾಗ ಕನ್ನಡದಲ್ಲಿ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ.

ದುಶ್ಶಾಸನನ ಹೆಣದ ಮುಂದೆ ಅವನು ಆಡುವ ಮಾತನ್ನೇ ನೋಡಿ. ಅಮ್ಮನ ಮೊಲೆಹಾಲನ್ನು ಮೊದಲು ತಾನು ಕುಡಿದೆ, ಆಮೇಲೆ ತಮ್ಮ ಕುಡಿದ. ಒಳ್ಳೆಯ ಊಟ ಬಂದರೂ ಮೊದಲು ಅಣ್ಣ, ಆಮೇಲೆ ತಮ್ಮ. ಇಷ್ಟು ಕಾಲ ತಪ್ಪದ ಆ ವಿನಯವನ್ನು ಸಾವಿನಲ್ಲಿ ಮಾತ್ರ ಮುರಿದು ಮುಂದೆ ಹೋಗಿಬಿಟ್ಟೆಯಲ್ಲ ಎಂಬುದು ಅವನ ಅಳಲು. ಒಡಹುಟ್ಟಿದವರನ್ನು ಕಳೆದುಕೊಂಡ ಯಾರೂ ಇದನ್ನು ಕಣ್ಣೊದ್ದೆಯಾಗದೆ ಓದಲಾರರು. ಆದರೆ ಇದೇ ತಮ್ಮ ಅಣ್ಣನ ಮಾತನ್ನು ಮೀರದೆಯೇ ಒಂದು ದಿನ ಅಂತಃಪುರಕ್ಕೆ ಹೋಗಿ ದ್ರೌಪದಿಯ ಮುಡಿ ಹಿಡಿದು ಸಭೆಗೆ ಎಳೆದು ತಂದವನು. ಭೀಮ ಅವನ ಎದೆ ಬಗೆದದ್ದು ಆ ಕಾರಣಕ್ಕೆ. ಅಣ್ಣ ಯಾವ ವಿನಯವನ್ನು ಹೊಗಳಿ ಅಳುತ್ತಿದ್ದಾನೋ ಆ ವಿನಯವೇ ತಮ್ಮನ ಜೀವ ತೆಗೆಯಿತು. ದ್ರೌಪದಿ ಭೀಮನನ್ನು ಕೆಣಕುವ ಮಾತುಗಳನ್ನು ರನ್ನ ಕಾವ್ಯದ ಮೊದಲಲ್ಲೇ ಇಟ್ಟಿದ್ದಾನೆ. ಹಾಗಾಗಿ ಈ ವಿಲಾಪಕ್ಕೆ ಬರುವ ಹೊತ್ತಿಗೆ ಓದುಗನಿಗೆ ಆ ಬಿಚ್ಚಿದ ಮುಡಿಯ ನೆನಪು ಇದ್ದೇ ಇರುತ್ತದೆ. ಅಳುತ್ತಿರುವವನಿಗೆ ಅದು ನೆನಪಾಗುವುದಿಲ್ಲ. ಅವನಿಗೆ ಕಾಣುವುದು ತಮ್ಮನನ್ನು ಕೊಂದವನು ಇನ್ನೂ ಬದುಕಿದ್ದಾನೆ ಎಂಬುದು ಮಾತ್ರ.

ಮಗನ ಮುಂದೆಯೂ ಹೀಗೆಯೇ. ತಂದೆಗೆ ಮಗ ತರ್ಪಣ ಬಿಡಬೇಕು, ನಿನಗೆ ನಾನು ಬಿಡುವಂತಾಯಿತಲ್ಲ, ಈ ಕ್ರಮವನ್ನು ನೀನು ತಲೆಕೆಳಗು ಮಾಡಬಹುದೇ ಎಂದು ಕೇಳುತ್ತಾನೆ. ಕ್ರಮ ಕೆಡಿಸಿದವನು ಮಗ ಎಂಬಂತೆ! ಲಕ್ಷಣಕುಮಾರ ತನ್ನ ಜಗಳಕ್ಕಾಗಿ ಯುದ್ಧಕ್ಕೆ ಇಳಿದವನಲ್ಲ. ಅವನನ್ನು ಕೊಂದ ಅಭಿಮನ್ಯುವೂ ಅವನ ಹಾಗೆಯೇ ಎಳೆಯ, ಅವನೂ ಅದೇ ನೆಲದಲ್ಲಿ ಬಿದ್ದಿದ್ದಾನೆ. ಆ ವೈರಿಯ ಮಗನ ಶೌರ್ಯವನ್ನು ದುರ್ಯೋಧನ ಬಾಯ್ತುಂಬ ಹೊಗಳುತ್ತಾನೆ, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಅವನ ದೊಡ್ಡತನಕ್ಕೆ ಎಲ್ಲರೂ ತೋರಿಸುವ ಉದಾಹರಣೆ ಇದು, ದೊಡ್ಡತನ ಹೌದು ಕೂಡ. ಆದರೂ ಇಬ್ಬರು ಹುಡುಗರ ಹೆಣಗಳ ನಡುವೆ ನಿಂತವನಿಗೆ, ಇವರನ್ನು ಇಲ್ಲಿಗೆ ತಂದವರು ಯಾರು ಎಂಬ ಪ್ರಶ್ನೆ ಏಳುವುದಿಲ್ಲ.

ಕರ್ಣನ ಭಾಗ ಇನ್ನೂ ಆಳದ್ದು. ಕರ್ಣ ಯಾರ ಮಗ ಎಂಬುದು ತನಗೂ ಗೊತ್ತಿತ್ತು ಎಂದು ದುರ್ಯೋಧನ ಇಲ್ಲಿ ಬಾಯಿಬಿಡುತ್ತಾನೆ. ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ತನಗೂ ಗೊತ್ತು. ರನ್ನ ಇದನ್ನು ಸ್ನೇಹದ ಹೆಚ್ಚುಗಾರಿಕೆ ಎಂಬಂತೆ ಹೇಳಿಸುತ್ತಾನೆ. ನನಗೆ ಇದು ಕಾವ್ಯದ ಅತ್ಯಂತ ಭಯಂಕರವಾದ ಮಾತು. ಗೆಳೆಯ ತನ್ನ ತಮ್ಮಂದಿರಾದ ಪಾಂಡವರ ಮೇಲೆಯೇ ಬಾಣ ಹೂಡುತ್ತಿದ್ದಾನೆಂದು ತಿಳಿದೂ ಅವನನ್ನು ಕಣಕ್ಕೆ ಇಳಿಸಿದ್ದು ಯಾವ ಬಗೆಯ ಸ್ನೇಹ? ಮುಂದುವರಿದು ಹೆಣವನ್ನು ಕೇಳುತ್ತಾನೆ: ಯಾಕೆ ನನ್ನನ್ನು ಮಾತಾಡಿಸುವುದಿಲ್ಲ, ಯಾಕೆ ಅಪ್ಪಿಕೊಳ್ಳುವುದಿಲ್ಲ, ಏನಪ್ಪಣೆ ಜೀಯಾ ಎಂದು ಯಾಕೆ ಅನ್ನುವುದಿಲ್ಲ? ಅಪ್ಪುಗೆ ಬೇಡುವವನೇ ಅಪ್ಪಣೆ ಕೇಳುವ ಆಳನ್ನೂ ಹುಡುಕುತ್ತಿದ್ದಾನೆ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿಸಿದ ರನ್ನನ ಕೈಚಳಕಕ್ಕೆ ತಲೆಬಾಗಬೇಕು. ದುರ್ಯೋಧನನ ಪ್ರೀತಿ ನಿಜವಾದದ್ದು, ಆದರೆ ಅದು ತನಗೆ ಎದುರಾಡದವರ ಮೇಲಿನ ಪ್ರೀತಿ.

ಎದುರಾಡುವವರು ಬದುಕಿದ್ದಾರೆ. ಈ ನಡಿಗೆಗೆ ಮೊದಲೇ ಧೃತರಾಷ್ಟ್ರ, ಗಾಂಧಾರಿ ಇಬ್ಬರೂ ಮಗನಿದ್ದಲ್ಲಿಗೆ ಬಂದಿದ್ದರು. ಹೆತ್ತ ಮಕ್ಕಳಲ್ಲಿ ಕೊನೆಗೆ ಉಳಿದ ನೀನೊಬ್ಬನಾದರೂ ಇರು, ಸಂಧಿ ಮಾಡಿಕೋ ಎಂಬ ಅಂಗಲಾಚಿಕೆ. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು. ಅವರಿಗೆ ಉಳಿದಿರುವುದು ಈ ಮಗನ ದನಿ. ಅವನು ಒಪ್ಪುವುದಿಲ್ಲ. ಭೀಷ್ಮನೂ ಅದನ್ನೇ ಹೇಳಿದಾಗ, ಕರ್ಣನನ್ನು ಕೊಂದ ಅರ್ಜುನನನ್ನೂ ದುಶ್ಶಾಸನನನ್ನು ಕೊಂದ ಭೀಮನನ್ನೂ ಮೊದಲು ಮುಗಿಸಿ ಆಮೇಲೆ ಧರ್ಮರಾಯನೊಡನೆ ಸಂಧಿಯ ಮಾತು ಎನ್ನುತ್ತಾನೆ. ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ತನಗೆ ಪಾಳು ಎನ್ನುತ್ತಾನೆ. ಹತ್ತನೆಯ ತರಗತಿಯ ‘ಛಲಮನೆ ಮೆರೆವೆಂ’ ಪಾಠದಲ್ಲಿ ಇದನ್ನು ಓದಿ ರೋಮಾಂಚನಗೊಂಡವರು ನಮ್ಮಲ್ಲಿ ಬಹಳ. ಆದರೆ ಅವನ ಮಾತಿನ ಪ್ರಕಾರ ಕರ್ಣನನ್ನು ಕೊಲ್ಲಿಸಿದ್ದು ನೆಲ! ಸೂಜಿಯ ಮೊನೆಯಷ್ಟು ಜಾಗವನ್ನೂ ಕೊಡೆನೆಂದವನು ತಾನೇ ಎಂಬುದು ಮರೆತೇ ಹೋಗಿದೆ. ಸತ್ತವರ ಮೇಲಿನ ಅಕ್ಕರೆ ಈಗ ಬದುಕಿರುವವರ ಮಾತನ್ನು ತಳ್ಳಿಹಾಕಲು ನೆಪವಾಗುತ್ತಿದೆ.

ಇಂದಿಗೂ ಒಬ್ಬ ತಪ್ಪು ಮಾಡಿ ಸಿಕ್ಕಿಬಿದ್ದಾಗ ಮನೆಯವರು ಪಡುವ ಪಾಡು ಇದೇ. ಸಂಬಂಧ ನೋಡಲು ಬಂದವರು ಹಿಂದೆ ಸರಿಯುತ್ತಾರೆ, ತಾಯಿ ಸಂತೆಗೆ ಹೋಗುವುದನ್ನು ಬಿಡುತ್ತಾಳೆ, ಶಾಲೆಯಲ್ಲಿ ಮಗುವಿನ ಪಕ್ಕ ಯಾರೂ ಕೂರುವುದಿಲ್ಲ. ಅವರು ಅವನಿಂದ ಬಯಸುವುದು ಕಣ್ಣೀರನ್ನಲ್ಲ. ಇನ್ನಾದರೂ ನಿಲ್ಲಿಸು ಎಂಬುದಷ್ಟೇ ಅವರ ಬೇಡಿಕೆ.

ಇಂಥ ಮನೆಯವರ ಕಣ್ಣಿಂದಲೂ ಯುದ್ಧವನ್ನು ನೋಡಬಹುದು: ವ್ಯಾಸಭಾರತದ ಸ್ತ್ರೀಪರ್ವದಲ್ಲಿ ಹೆಣಗಳ ನಡುವಿನ ನೋಟ ಗಾಂಧಾರಿಯದು. ಯುದ್ಧಕ್ಕೆ ಹೊರಟ ಮಗ ಗೆಲುವಿನ ಹರಕೆ ಬೇಡಿದಾಗ, ಧರ್ಮವಿದ್ದಲ್ಲಿ ಗೆಲುವಿರಲಿ ಎಂದಷ್ಟೇ ಹೇಳಿದ್ದ ತಾಯಿ ಅವಳು. ಅಲ್ಲಿ ಲಕ್ಷಣನ ತಾಯಿ ಒಮ್ಮೆ ಮಗನ ಕಡೆಗೆ, ಒಮ್ಮೆ ಗಂಡನ ಕಡೆಗೆ ತಿರುಗಿ ಮುಖ ಒರೆಸುತ್ತಿರುವುದನ್ನು ಗಾಂಧಾರಿ ಕಾಣುತ್ತಾಳೆ. ರನ್ನ ಆ ನಡಿಗೆಯನ್ನು ತಪ್ಪು ಮಾಡಿದವನಿಗೇ ಕೊಟ್ಟದ್ದು ಧೀರ ಆಯ್ಕೆ. ಅದರಿಂದ ಅವನ ಒಳಗನ್ನು ನಾವು ಕಂಡೆವು. ಕಳೆದುಕೊಂಡದ್ದೂ ಇದೆ: ಉಳಿದವರ ಅಳಲು ಅಂಚಿಗೆ ಸರಿಯಿತು.

ಇನ್ನೊಂದು ಹೋಲಿಕೆ ಭಾಸನ ಊರುಭಂಗ ನಾಟಕ. ತೊಡೆ ಮುರಿದು ಬಿದ್ದ ದುರ್ಯೋಧನನ ಹತ್ತಿರ ಪುಟ್ಟ ಮಗ ದುರ್ಜಯ ಬಂದು, ಎಂದಿನಂತೆ ತೊಡೆಯೇರಲು ನೋಡುತ್ತಾನೆ. ಅಪ್ಪ ತಡೆಯಬೇಕಾಗುತ್ತದೆ. ಆ ತೊಡೆಯನ್ನು ತಟ್ಟಿ ಅವನು ದ್ರೌಪದಿಯನ್ನು ಕರೆದಿದ್ದ. ಆಮೇಲೆ ಮಗನಿಗೆ, ನನ್ನನ್ನು ಸೇವಿಸುವ ಹಾಗೆಯೇ ಪಾಂಡವರನ್ನೂ ಸೇವಿಸು, ಕುಂತಿಯ ಮಾತು ಕೇಳು, ಸುಭದ್ರೆಯನ್ನೂ ದ್ರೌಪದಿಯನ್ನೂ ತಾಯಂದಿರೆಂದು ಕಾಣು ಎನ್ನುತ್ತಾನೆ. ತನ್ನ ಹಗೆ ಮಗನ ಹೆಗಲಿಗೆ ದಾಟದಂತೆ ಅಲ್ಲಿಯೇ ಇಳಿಸಿಬಿಡುತ್ತಾನೆ. ಬದುಕಿರುವ ಪ್ರೀತಿಪಾತ್ರನೊಬ್ಬನಿಗೆ ಅವನು ಏನನ್ನಾದರೂ ಕೊಟ್ಟದ್ದು ಅಲ್ಲಿ. ರನ್ನನ ದುರ್ಯೋಧನನಿಗೆ ಈ ಮೆಟ್ಟಿಲು ಸಿಗುವುದಿಲ್ಲ. ಮಾನವೀಯತೆಯಲ್ಲಿ ಭಾಸನ ದೃಶ್ಯ ಒಂದು ಕೈ ಮೇಲು ಎಂದೇ ನನ್ನ ತೀರ್ಮಾನ. ಮನುಷ್ಯರು ಸಾಮಾನ್ಯವಾಗಿ ಇರುವ ರೀತಿಗೆ ಹತ್ತಿರವಾದದ್ದು ರನ್ನನದು.

1926ರಲ್ಲಿ ಬಿ.ಎಂ.ಶ್ರೀ. ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿ ದುರ್ಯೋಧನನನ್ನು ದುರಂತ ನಾಯಕನಾಗಿ ಕಂಡರು. ಬರಿಯ ಖಳನೆಂದು ಅವನನ್ನು ಪಕ್ಕಕ್ಕೆ ಸರಿಸುವ ಓದಿನಿಂದ ಅವರು ನಮ್ಮನ್ನು ಬಿಡಿಸಿದರು, ಅದು ದೊಡ್ಡ ಉಪಕಾರ. ಆದರೆ ಅಂದಿನಿಂದ ನಮ್ಮ ಮರುಕವೆಲ್ಲ ಬಿದ್ದವನ ಕಡೆಗೇ ಹರಿಯುತ್ತ ಬಂದಿದೆ. ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’, ಭೀಮನೊಡನೆ ಸಮೀಕರಿಸಿ ಹೊಗಳಿದ್ದು ಆಶ್ರಯದಾತ ಸತ್ಯಾಶ್ರಯನನ್ನು. ಭೀಮನ ಗೆಲುವಿಗೂ ದುರ್ಯೋಧನನ ಅಳಲಿಗೂ ನಡುವೆ ಗಾಂಧಾರಿಗೆ ಉಳಿದ ಜಾಗ ಕಿರಿದು. ಇದನ್ನು ಕಾವ್ಯದ ಕೊರತೆ ಎಂದೇ ಎಣಿಸುತ್ತೇನೆ.

ಇಷ್ಟಾದರೂ ತಂದೆತಾಯಿ ಬಂದು ಬೇಡುವ ಆ ಭಾಗವನ್ನು ರನ್ನ ಬರೆದಿದ್ದಾನೆ, ಕೈಬಿಟ್ಟವರು ನಾವು. ಕನ್ನಡ ಪಾಠ ಹೇಳುವ ಮೇಷ್ಟ್ರು, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ: ವಿಲಾಪಕ್ಕೆ ಹೋಗುವ ಮೊದಲು ಧೃತರಾಷ್ಟ್ರ, ಗಾಂಧಾರಿಯರ ಆ ಪದ್ಯಗಳನ್ನು ಮಕ್ಕಳೆದುರು ಒಮ್ಮೆ ಗಟ್ಟಿಯಾಗಿ ಓದಿ. ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ.