ಗೆಂಡೆತಿಮ್ಮನ ಗಂಟು

ಪರಪುರುಷನತ್ತ ಮನಸ್ಸು ಹರಿಸಿದ ಹೆಂಡತಿಯ ಕಥೆ ತೆರೆಯ ಮೇಲೆ ಬಂದರೆ ನಾನು ಮೊದಲು ನೋಡುವುದು ಗಂಡನ ಕಸುಬನ್ನು.

ಕೊರಿಯಾದ ‘ಹ್ಯಾಪಿ ಎಂಡ್’ (1999) ಚಿತ್ರದ ಗಂಡ ಬ್ಯಾಂಕಿನ ಕೆಲಸ ಕಳೆದುಕೊಂಡವನು. ಮನೆಗೆಲಸ ಮಾಡುತ್ತ, ಹಳೇ ಪುಸ್ತಕದಂಗಡಿಯಲ್ಲಿ ಪ್ರೇಮಕಾದಂಬರಿ ಓದುತ್ತ ಕೂರುತ್ತಾನೆ. ಹೆಂಡತಿ ಮತ್ತವಳ ಗೆಳೆಯನ ಹಾಸಿಗೆಯ ದೃಶ್ಯಗಳಲ್ಲಿ ಮುಚ್ಚುಮರೆಯಿಲ್ಲ. ಕೊನೆಗೆ ಗಂಡ ಅವಳನ್ನು ಕೊಲ್ಲುತ್ತಾನೆ. ಇಷ್ಟೆಲ್ಲ ಬಿಚ್ಚಿದ ಚಿತ್ರ ತೀರ್ಪಿನ ಹೊತ್ತಿಗೆ ನಮ್ಮೂರ ಅರಳಿಕಟ್ಟೆಯ ಮೇಲೇ ಬಂದು ಕೂತಿತಲ್ಲ! ಆಗಿನ್ನೂ ಅಲ್ಲಿ ವ್ಯಭಿಚಾರಕ್ಕೆ ಜೈಲು. ಆ ಕಾನೂನು ರದ್ದಾದದ್ದು 2015ರಲ್ಲಿ. ನಮ್ಮಲ್ಲಿ 2018ರಲ್ಲಿ.

1978ರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಅಂಥ ಹಾಸಿಗೆಯ ದೃಶ್ಯಗಳಿಲ್ಲ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ. ಲೋಕೇಶ್ ಮಾಡಿರುವ ತಿಮ್ಮ ಪೇಟೆಯ ಸಾಮಾನು ಹೊತ್ತು ಹಳ್ಳಿ ತಿರುಗಿ ಮಾರುವವನು. ಹೆಂಗಸರ ಆಸೆ ಅರಿಯುವುದೇ ಅವನ ಹೊಟ್ಟೆಪಾಡು. ಅಂಥವನ ಮನೆಯಲ್ಲೇ ಮರಂಕಿಯ ಮನಸ್ಸು ಮೇಷ್ಟರ ಕಡೆ ಹೊರಳುತ್ತದೆ. ಈ ವ್ಯಂಗ್ಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹೆಗಲ ಮೇಲಿನ ಗಂಟೇ ಹೇಳುತ್ತದೆ.

ಪೇಟೆ ಹಳ್ಳಿಯನ್ನು ಕೆಡಿಸಿತೆಂಬ ರಾಗ ಮಾತ್ರ ನನಗೆ ಒಪ್ಪಿಗೆಯಿಲ್ಲ. ಸೋಪು, ಪೌಡರು ಬರುವ ಮುಂಚೆ ಹಳ್ಳಿಗಳಲ್ಲಿ ಆಸೆಯೇ ಇರಲಿಲ್ಲವೆ? ದೊಡ್ಡಬಳ್ಳಾಪುರದ ಕಡೆಯ ಟೆಂಟೊಂದರಲ್ಲಿ ಇದನ್ನು ನೋಡಿದಾಗ ಗಂಡಸರು ಮರಂಕಿಗೆ ಬಾಯಿಗೆ ಬಂದಂತೆ ಬೈದರು. ಹೆಂಗಸರ ಕಡೆಯಿಂದ ಸದ್ದೇ ಇಲ್ಲ. ಮಗ್ಗದ ಬಟವಾಡೆಯಾದ ದಿನ ಇಂಥದೇ ಗಂಟು ಬಿಚ್ಚಿಸಿ ಸ್ನೋ ಕೊಂಡವರು ಅವರು. ಪಕ್ಕದಲ್ಲಿದ್ದ ಮುದುಕಪ್ಪ ಒಬ್ಬ ಮಾತ್ರ ತಿಮ್ಮನ ಮುಖ ನೋಡುತ್ತ, ‘ಪಾಪ, ಇವನಿಗೇನು ಗೊತ್ತಾಗ್ಲಿಲ್ವೇನಪ್ಪ’ ಎಂದ.