ವಾಲಿ ಸೋಲಬೇಕಾದ ಬಗೆ

ಯಕ್ಷಗಾನದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ್ಯ ಹಾಡುವ ಭಾಗವತರ ಮುಂದೆ ಪ್ರಸಂಗದ ಪುಸ್ತಕವಾದರೂ ಇರುತ್ತದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ಅದೂ ಇಲ್ಲ. ಪದ್ಯ ಮುಗಿದದ್ದೇ ಮಾತು ಅಲ್ಲಲ್ಲೇ ಹುಟ್ಟಬೇಕು. ಎದುರು ಕೂತವರು ಏನು ಕೇಳಿಯಾರು ಎಂಬುದು ಮೊದಲೇ ಗೊತ್ತಿರುವುದಿಲ್ಲ. ಈ ಕಲೆಗೆ ಪಾಂಡಿತ್ಯವೇ ಆಧಾರ ಎನ್ನುವುದು ವಾಡಿಕೆಯ ಮಾತು. ನನಗೇಕೋ ಒಪ್ಪಿಗೆಯಾಗುವುದಿಲ್ಲ. ಎದುರು ಅರ್ಥಧಾರಿಯ ಮೇಲೆ ಮರ್ಯಾದೆ ಇಲ್ಲದಿದ್ದರೆ ಹದಿನೆಂಟು ಪುರಾಣ ಬಾಯಿಗೆ ಬಂದರೂ ಕೂಟ ಕೆಡುತ್ತದೆ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮನ ಉತ್ತರಗಳು ವಾಲ್ಮೀಕಿಯಲ್ಲೇ ಇವೆ: ತಮ್ಮ ಸುಗ್ರೀವನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ, ಇದು ಭರತನ ಆಳ್ವಿಕೆಯ ನೆಲ, ಇಲ್ಲಿ ಅಧರ್ಮವನ್ನು ದಂಡಿಸುವ ಹೊಣೆ ನಮ್ಮದು, ನೀನು ಶಾಖಾಮೃಗ, ಬೇಟೆಯಲ್ಲಿ ಮರೆ ನಿಂತರೆ ದೋಷವಿಲ್ಲ. ಕೇಳುವವರಿಗೆ ಇವು ಅರೆಮನಸ್ಸಿನಲ್ಲಷ್ಟೇ ಒಪ್ಪಿಗೆಯಾಗುತ್ತವೆ. ಸಹಾನುಭೂತಿ ಮೊದಲೇ ವಾಲಿಯ ಕಡೆಗಿದೆ. ಸ್ವಲ್ಪ ಓದಿಕೊಂಡ ಅರ್ಥಧಾರಿ ರಾಮನನ್ನು ಅರ್ಧ ತಾಸು ಬಾಯಿ ಬಿಡದಂತೆ ಕಟ್ಟಿಹಾಕಬಹುದು, ಚಪ್ಪಾಳೆಯೂ ಬೀಳುತ್ತದೆ.

ಆದರೆ ಮುಂದಿನ ಪದ್ಯದಲ್ಲಿ ವಾಲಿ ರಾಮನಿಗೆ ಶರಣಾಗಲೇಬೇಕು, ಮಗ ಅಂಗದನನ್ನು ಒಪ್ಪಿಸಲೇಬೇಕು. ಅಷ್ಟು ಹೊತ್ತು ರಾಮನನ್ನು ಹೀಗಳೆದವನು ತಟಕ್ಕನೆ ಕೈಮುಗಿದರೆ ನಂಬುವವರು ಯಾರು? ಕಸಬು ಬಲ್ಲ ವಾಲಿ ಮೊದಲ ಪ್ರಶ್ನೆಯಲ್ಲೇ ಸೋಲಿನ ತಯಾರಿ ಮಾಡಿರುತ್ತಾನೆ. ಸಿಟ್ಟಿನ ನಡುವೆ ಎಲ್ಲೋ ಒಂದು ಕಡೆ ರುಮೆಯ ಮಾತು ಬಂದಾಗ ತಡವರಿಸುತ್ತಾನೆ. ರಾಮ ಪಾತ್ರಧಾರಿ ಕಿರಿಯನಾದರೆ ಅವನು ಉತ್ತರಿಸಬಲ್ಲ ದಾರಿಯಲ್ಲೇ ಪ್ರಶ್ನೆ ಹಾಕುತ್ತಾನೆ. ಪ್ರಶ್ನೆಯ ಮೊನೆಯೇನೂ ಮೊಂಡಾಗುವುದಿಲ್ಲ. ಉತ್ತರಕ್ಕೆ ಜಾಗ ಮಾತ್ರ ಉಳಿದಿರುತ್ತದೆ. ಇದು ಮೃದು ಸ್ವಭಾವದ ಮಾತಲ್ಲ, ಅಪ್ಪಟ ಕಸುಬುದಾರಿಕೆ.

ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧರ ತರ್ಕದ ಹರಿತವನ್ನು ಹಳಬರು ಇವತ್ತಿಗೂ ನೆನೆಯುತ್ತಾರೆ. ದೇರಾಜೆ ಸೀತಾರಾಮಯ್ಯನವರದು ಬೇರೆಯೇ ದಾರಿ: ವಾದಕ್ಕಿಂತ ಸಂವಾದ, ಪಾತ್ರದ ಒಳಮನಸ್ಸು. ತಾಳಮದ್ದಲೆಯನ್ನು ಬೆಳೆಸಿದವರಲ್ಲಿ ಮೇಷ್ಟ್ರು, ವಕೀಲರು, ತೋಟದ ಕೆಲಸ ಮುಗಿಸಿ ಬಂದ ಕೃಷಿಕರು ಬಹಳ. ಹೊಟ್ಟೆಪಾಡಿಗೆ ಅರ್ಥ ಹೇಳದವರೂ ವೃತ್ತಿಯ ಶಿಸ್ತು ಬಿಟ್ಟಿರಲಿಲ್ಲ.

ಇವತ್ತು ನನಗೆ ಕಾಣುವ ಕೇಡು ಸಣ್ಣಸಣ್ಣದರಲ್ಲಿದೆ. ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆದು, ಕೊನೆಗೆ ಬರುವ ಪಾತ್ರಕ್ಕೆ ಹತ್ತು ನಿಮಿಷ ಉಳಿಸುವುದು. ಪಾತ್ರದ ಮರೆಯಲ್ಲಿ ಎದುರಿನವರ ಊರು, ಉದ್ಯೋಗ, ದೇಹವನ್ನು ಗೇಲಿ ಮಾಡುವುದು. ಶ್ಲೋಕ ಹೇಳಿ ‘ಇದು ಎಲ್ಲಿದೆ?’ ಎಂದು ಪರೀಕ್ಷೆಗಿಳಿಯುವುದು. ಸುಗ್ರೀವನಿಗೆ ಸರ್ಗದ ಸಂಖ್ಯೆ ಕಟ್ಟಿಕೊಂಡು ಏನಾಗಬೇಕು? ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ಮೊಬೈಲು. ತನ್ನ ಮಾತು ಮುಗಿದದ್ದೇ ಅರ್ಥಧಾರಿ ತಲೆ ತಗ್ಗಿಸಿ ಪರದೆ ಉಜ್ಜುತ್ತಾನೆ. ಕೃಷ್ಣ ಸಂಧಾನಕ್ಕೆ ಬಂದು ಐದು ಊರು ಕೇಳುತ್ತಿರುವಾಗ ಕೌರವನ ಕಣ್ಣು ವಾಟ್ಸಾಪಿನಲ್ಲಿ! ವೇಷವಿಲ್ಲದ ಕಲೆಯಲ್ಲಿ ಕೇಳುವ ಮುಖವೂ ಅಭಿನಯವೇ ತಾನೆ?

ಹಿಮ್ಮೇಳಕ್ಕೆ ಆಗುವ ಅವಮಾನ ಇದಕ್ಕಿಂತ ಹಳೆಯದು. ಭಾಗವತರು ಪದ್ಯ ಎತ್ತಲು ಜಾಗಟೆ ಹಿಡಿದು ಕಾಯುತ್ತಿದ್ದರೂ ಕಂಡೂ ಕಾಣದಂತೆ ಮಾತು ಮುಂದುವರಿಯುತ್ತದೆ. ಹೊತ್ತು ಮೀರಿತೆಂದು ಆಮೇಲೆ ಕತ್ತರಿ ಬೀಳುವುದು ಪದ್ಯಗಳಿಗೆ. ಮದ್ದಲೆಯವರು ಶ್ರುತಿ ಮಾಡಿ ಸುಮ್ಮನೆ ಕೂರುತ್ತಾರೆ.

ತಪ್ಪು ಕಲಾವಿದರದು ಮಾತ್ರವಲ್ಲ. ಜಿದ್ದಿಗೆ ಹೆಸರಾದ ಜೋಡಿಯನ್ನೇ ಹುಡುಕಿ ಕರೆಸುವವರು, ಜಗಳದ ತುಣುಕನ್ನಷ್ಟೇ ಕತ್ತರಿಸಿ ಹಂಚುವವರು ನಾವೇ. ಆಷಾಢದ ಕೂಟಗಳನ್ನು ಏರ್ಪಡಿಸುವವರಲ್ಲಿ ನನ್ನದೊಂದು ಕೋರಿಕೆ: ಆಮಂತ್ರಣದಲ್ಲಿ ಪಾತ್ರದ ಜೊತೆ ಪ್ರತಿಯೊಬ್ಬರ ಹೊತ್ತನ್ನೂ ಅಚ್ಚು ಹಾಕಿಸಿ, ಪದ್ಯ ಎತ್ತುವ ಅಧಿಕಾರವನ್ನು ಪೂರ್ತಿಯಾಗಿ ಭಾಗವತರಿಗೆ ಬಿಟ್ಟುಕೊಡಿ.