20 ನಿಮಿಷದ ಕೋಟಿ ಚೆನ್ನಯ: ಪಾಡ್ದನದ ಹಾಡಿಕೆ ಮತ್ತು ಧ್ವನಿಮುದ್ರಣ

ಗದ್ದೆಯಲ್ಲಿಯೂ ಆರಾಧನೆಯಲ್ಲಿಯೂ ಜೀವಂತವಾಗಿರುವ ಪಾಡ್ದನವು ಸ್ಟುಡಿಯೋ ಪ್ರವೇಶಿಸಿದೊಡನೆ ಸೊರಗುತ್ತದೆ ಎಂಬ ಅಭಿಪ್ರಾಯ ತುಳು ಜಾನಪದ ವಲಯದಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಅದನ್ನು ಮರುಪರಿಶೀಲಿಸಲು ಮಡಂತ್ಯಾರಿನಿಂದ ಅನತಿದೂರದಲ್ಲಿರುವ, ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರ ಹಾಡಿಕೆ ಉತ್ತಮ ನಿದರ್ಶನ.

ನಾಯ್ಕರು ‘ಕೋಟಿ ಚೆನ್ನಯ’ವನ್ನು ಆಕಾಶವಾಣಿಗಾಗಿ 20 ನಿಮಿಷಗಳಲ್ಲಿ ಹಾಡಿ ಮುಗಿಸಿದ್ದರು. ಅದೇ ಕಥನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೋ ಅವರ ತಂಡದ ಮುಂದೆ ಹಾಡಿದಾಗ ಅದು ಆರು ದಿನಗಳಲ್ಲಿ ಹರಡಿಕೊಂಡು 15 ಗಂಟೆಗಳನ್ನು ಮೀರಿತು; ಸಾಲುಗಳ ಸಂಖ್ಯೆ ಸುಮಾರು 7,000. ಹಾಡುಗಾರರ ದೃಷ್ಟಿಯಲ್ಲಿ ಎರಡೂ ಒಂದೇ, ಎರಡೂ ಪೂರ್ಣ. ಹಾಡು ಹಾಡುಗಾರನ ಮನಸ್ಸಿನಲ್ಲಿ ಸಿದ್ಧ ಸಾಲುಗಳಾಗಿ ಅಲ್ಲ, ಹಿಗ್ಗಬಲ್ಲ ಕುಗ್ಗಬಲ್ಲ ರೂಪದಲ್ಲಿ ಇರುತ್ತದೆ ಎಂಬ ತಮ್ಮ ‘ಮನೋಪಠ್ಯ’ ಕಲ್ಪನೆಗೆ ಹೋಂಕೋ ಇಂಥ ಅನುಭವಗಳಿಂದಲೇ ಬಲ ಪಡೆದರು.

1990ರ ಡಿಸೆಂಬರಿನಲ್ಲಿ ಇದೇ ಹಾಡುಗಾರರಿಂದ ದಾಖಲಾದ ‘ಸಿರಿ’ 15,683 ಸಾಲುಗಳ ಮಹಾಕಾವ್ಯ. ‘ಇಲಿಯಡ್’ಗಿಂತ ಹತ್ತೇ ಸಾಲು ಕಡಿಮೆ. ಅನೇಲಿ ಹೋಂಕೋ, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಸಹಯೋಗದಲ್ಲಿ 1998ರಲ್ಲಿ ಅದು ಪ್ರಕಟವಾಯಿತು. ಈ ಸಾಧನೆಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನೇ ‘ಸಿರಿಯ ಮೂಲರೂಪ’ ಎಂದು ಉಲ್ಲೇಖಿಸುವ ನಮ್ಮ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ಆಕಾಶವಾಣಿಯ ಗಡಿಯಾರ ಹಾಡನ್ನು ಕುಗ್ಗಿಸಿತೆಂದು ದೂರುವ ನಾವು, ಸಂಶೋಧಕನ ತಾಳ್ಮೆ ಅದನ್ನು ಹಿಗ್ಗಿಸಿತೆಂಬುದನ್ನು ಗಮನಿಸುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಮೌನವಾಗಿ ಕೇಳುವವನು ಗದ್ದೆಯಲ್ಲಿಯೂ ಇಲ್ಲ, ಆಲಡೆಯಲ್ಲಿಯೂ ಇಲ್ಲ. ಆ ಅರ್ಥದಲ್ಲಿ ಕ್ಷೇತ್ರಕಾರ್ಯದ ಧ್ವನಿಮುದ್ರಣವೂ ಒಂದು ಬಗೆಯ ಸ್ಟುಡಿಯೋವೇ. (ಹೋಂಕೋ ಇದನ್ನು ಅರಿತಿದ್ದರು, ಆಚರಣೆಯ ಸಿರಿಯನ್ನೂ ಅವರ ತಂಡ ದಾಖಲಿಸಿದೆ. ಮರೆತವರು ನಾವು.)

ನೇಜಿ ನೆಡುವ ಸಾಲಿನಲ್ಲಿ ಒಬ್ಬಳು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಕಥೆಯ ನಡೆಯನ್ನು ನಿರ್ಧರಿಸುವುದು ಕೈಗಳ ವೇಗ. ಗದ್ದೆ ಮುಗಿದರೆ ಕಥೆ ಎಲ್ಲಿದೆಯೋ ಅಲ್ಲಿಗೇ ನಿಲ್ಲುತ್ತದೆ. ಕವತ್ತಾರು, ನಂದಳಿಕೆ, ನಿಡ್ಗಲ್ ಮೊದಲಾದ ಕಡೆಗಳ ಸಿರಿಜಾತ್ರೆಯ ದಲಿಯದಲ್ಲಿಯಂತೂ ಹಾಡು ಒಬ್ಬರ ಸೊತ್ತಲ್ಲ. ಬಿಳಿ ಸೀರೆಯುಟ್ಟು ಹಿಂಗಾರ ಹಿಡಿದ ಹೆಂಗಸರ ಮೇಲೆ ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗರ ಆವೇಶವಾಗುತ್ತದೆ. ಕುಮಾರ ಹಾಡಿ ಕೇಳುತ್ತಾನೆ. ಆಕೆ ಸಿರಿಯ ಬಾಳನ್ನು ತನ್ನದೇ ಬಾಳೆಂಬಂತೆ ‘ನಾನು’ ಎಂದು ಹಾಡಿ ಉತ್ತರಿಸುತ್ತಾಳೆ. ಮನೆಯಲ್ಲಿ ಆಡಲಾಗದ ನೋವಿಗೆ ಅಲ್ಲಿ ಬಾಯಿ ಬರುತ್ತದೆ. ಪಕ್ಕದಲ್ಲಿ ಅದೇ ಹೊತ್ತಿಗೆ ಇನ್ನೂ ಹಲವು ದನಿಗಳು. ಮೈಕಿಗೆ ಇದು ಬರೀ ಗದ್ದಲ. ಸಾಲು ಎಣಿಸಲು ಬಾರದು, ಕಥಾನುಕ್ರಮವೂ ಇರದು.

ಹಾಗೆಂದು ಧ್ವನಿಮುದ್ರಣ ಬೇಡವೆನ್ನಲಾರೆ. ಬೇಸಾಯ ಹಿಂದೆ ಸರಿದು ಅಡಿಕೆ, ರಬ್ಬರು ಹಬ್ಬಿದ ಈ ಸೀಮೆಯಲ್ಲಿ ನೇಜಿಯ ಹಾಡನ್ನು ಕೇಳಬೇಕಾದರೆ ಎಷ್ಟೋ ಕಡೆ ಹಳೆಯ ಕ್ಯಾಸೆಟ್ಟೇ ಗತಿ. ಕೀಬೋರ್ಡ್ ಬೆರೆಸಿದ ಪಾಡ್ದನ ನನಗೆ ರುಚಿಸದಿದ್ದರೂ ಅದನ್ನು ಕೇಳಿ ಕಥೆ ಕಲಿತವರನ್ನು ಹೀಗಳೆಯಲಾರೆ. ನನ್ನ ಬೇಡಿಕೆ ಸಂಗ್ರಹಾಲಯಗಳಲ್ಲಿ. ದಾಖಲೆಪತ್ರದಲ್ಲಿ ಹಾಡುಗಾರರ ಹೆಸರು, ಊರು, ದಿನಾಂಕ, ಅವಧಿ ನಮೂದಾಗುತ್ತವೆ. ಆ ಹೊತ್ತು ಎದುರಿಗೆ ಕೂತು ಕೇಳಿದವರು ಯಾರು, ಸೊಲ್ಲು ಎತ್ತಿಕೊಂಡವರಿದ್ದರೇ, ಹಾಡು ಎಲ್ಲಿ ಮತ್ತು ಏಕೆ ನಿಂತಿತು ಎಂಬುದಕ್ಕೂ ಅಲ್ಲೊಂದು ಕಲಮು ಇರಲಿ.